ಬೇತಂಚರ್ಲ ಗುಹೆ ಪೋಸ್ಟಿಗೆ ಉತ್ತರ: ಮೊದಲು ಆ ಬಾಣ ತಿರುಗಿಸಿ

ತಮ್ಮಾ, ಆಂಧ್ರದ ಬೇತಂಚರ್ಲ ಕಡೆ ಗುಹೆ ಹೊಕ್ಕು ಬಂದು ನೀನು ಪೋಸ್ಟ್ ಮಾಡಿದ ಫೋಟೊ ನೋಡಿದೆ. ಮುಂದಿನ ಸಲ ಇನ್ನೂ ಒಳಗೆ ಹೋಗ್ತೀವಿ ಅಂತ ಬೇರೆ ಬರೆದಿದ್ದೀಯ. ಗೋಡೆ ಮೇಲೆ ಸುಣ್ಣದ ಬಾಣ ಹಾಕಿದ್ದೀರಲ್ಲ, ಅದೂ ಒಳಗಡೆ ಮುಖ ಮಾಡಿ, ಅದನ್ನು ಕಂಡು ಸುಮ್ನಿರಲು ಆಗಲಿಲ್ಲ.

ಬಾಣ ಯಾವಾಗಲೂ ಹೊರದಾರಿ ತೋರಿಸಬೇಕು. ದಾರಿ ಬೇಕಾಗುವುದು ವಾಪಸ್ ಬರುವವನಿಗೆ. ಅಷ್ಟೊತ್ತಿಗೆ ಅವನು ದಣಿದಿರುತ್ತಾನೆ, ಬಾಣ ಕಂಡ ಕಡೆ ಕಾಲು ಹೋಗಿಬಿಡುತ್ತದೆ. ನಮ್ಮ ಬಳಗದಲ್ಲೂ ಹಿಂದೆ ಇದೇ ಆಗಿತ್ತು. ಒಂದು ಕವಲಿನಲ್ಲಿ ಎರಡು ಬಾಣ. ಒಂದು ಮುಂದೆ ಹೋದ ದಾರಿಯದು, ಇನ್ನೊಂದು ಮುಚ್ಚಿದ ಸಂದಿಗೆ ಹೋಗಿ ತಿರುಗಿ ಬಂದದ್ದು. ಎರಡೂ ಒಳಮುಖ. ನಾವು ಬಂದ ಬಾಯಿ ಯಾವುದು ಅಂದರೆ ಒಬ್ಬೊಬ್ಬರದು ಒಂದೊಂದು ಮಾತು.

ಇನ್ನು ಸುಣ್ಣ, ಪೇಂಟ್ ಬೇಡವೇ ಬೇಡ. ಅದು ಸುಲಭಕ್ಕೆ ಹೋಗಲ್ಲ, ಗೋಡೆ ಹಾಳು. ಬೈಕಿಗೆ ಅಂಟಿಸುವ ರೇಡಿಯಂ ಪಟ್ಟಿ ತಗೊಂಡು, ಹಳೇ ಎಟಿಎಂ ಕಾರ್ಡಿನ ತುಂಡುಗಳ ಮೇಲೆ ಬಾಣದ ಆಕಾರಕ್ಕೆ ಕತ್ತರಿಸಿ ಅಂಟಿಸು. ಕವಲು ಬಂದಲ್ಲೆಲ್ಲ ನೆಲದ ಮೇಲೆ ಒಂದು ಇಡು, ಮೇಲೆ ಸಣ್ಣ ಕಲ್ಲು. ದೂರದಿಂದಲೇ ಬ್ಯಾಟರಿ ಬೆಳಕಿಗೆ ಮಿಂಚುತ್ತದೆ. ಬರುವಾಗ ಕೊನೆಯವನು ಆರಿಸಿಕೊಂಡು ಬರಬೇಕು. ಎಣಿಸಿ ಇಟ್ಟದ್ದು ಎಣಿಕೆಗೆ ಸಿಗಬೇಕು. ಅದರ ಜೊತೆಗೆ ಪ್ರತಿ ಕವಲಿನಲ್ಲೂ ನಿಂತು ಹಿಂದೆ ತಿರುಗಿ ನೋಡು. ಸಣ್ಣ ಕಿಂಡಿಯಿಂದ ನುಸುಳಿ ದೊಡ್ಡ ಜಾಗಕ್ಕೆ ಬಂದಾಗಲಂತೂ ತಪ್ಪದೆ ನೋಡು. ಒಳಗಿನಿಂದ ನೋಡಿದರೆ ಆ ಕಿಂಡಿ ಬರೀ ನೆರಳಿನಂತೆ ಕಾಣುತ್ತದೆ, ಪಕ್ಕದಲ್ಲಿ ಅಂಥವೇ ನಾಲ್ಕಿರುತ್ತವೆ.

ಮೊಬೈಲ್ ಟಾರ್ಚನ್ನು ಲೆಕ್ಕಕ್ಕೇ ಹಿಡಿಯಬೇಡ. ಒಬ್ಬೊಬ್ಬರಿಗೂ ಮೂರು ಬೆಳಕು ಇರಬೇಕು. ರಾತ್ರಿ ಹೊಲಕ್ಕೆ ನೀರು ಬಿಡಲು ಕಟ್ಟಿಕೊಳ್ಳುವ ಚಾರ್ಜಿಂಗ್ ತಲೆಬ್ಯಾಟರಿ ಮೂರನೆಯದಾಗಿ ಇರಲಿ, ಮೊದಲನೆಯದಾಗಿ ಬೇಡ. ಮೊದಲನೆಯದಕ್ಕೆ ನನ್ನ ಓಟು ಪೆಟ್ಜಲ್ ಕಂಪನಿಯ ತಲೆಬ್ಯಾಟರಿಗೆ. ದುಬಾರಿ ಅನ್ನಿಸಿದರೆ ಸೆಲ್ ಹಾಕುವ ಯಾವುದಾದರೂ ತಗೋ, ಆದರೆ ಸೆಲ್ ಮಾತ್ರ ಆಲ್ಕಲೈನ್ ಇರಲಿ. ಹೆಲ್ಮೆಟ್ ಹಾಕು. ಬೈಕಿನದಲ್ಲ, ಕಟ್ಟಡ ಕೆಲಸದವರು ಹಾಕುವಂಥದ್ದು, ಗದ್ದದ ಪಟ್ಟಿ ಇರುವುದು.

ನಮ್ಮ ಬಳ್ಳಾರಿ ಕಡೆಯವರಿಗೆ ಇನ್ನೊಂದು ಭ್ರಮೆ. ಸಂಗನಕಲ್ಲು ಗುಡ್ಡ, ಆನೆಗೊಂದಿ ಬಂಡೆ ಹತ್ತಿ ರೂಢಿ ಅಲ್ವಾ, ಗುಹೆ ಅಂದರೆ ಎಲ್ಲ ಒಂದೇ ಅಂದುಕೊಳ್ಳುತ್ತೇವೆ. ಅದು ಗ್ರಾನೈಟ್, ಬಂಡೆಗಳ ನಡುವಿನ ಸಂದಿ, ಕಾಲು ಹಿಡಿಯುತ್ತದೆ. ಬೇತಂಚರ್ಲದ್ದು ಸುಣ್ಣದ ಕಲ್ಲು, ಹುಳಿ ಬೆರೆತ ಮಳೆನೀರು ಕರಗಿಸಿ ಕೊರೆದದ್ದು. ಒದ್ದೆ ಜೇಡಿ ಮೇಲೆ ಸ್ಲಿಪ್ಪರ್ ನಿಲ್ಲಲ್ಲ. ನಂಬಿಕೆ ಇಲ್ಲದಿದ್ದರೆ ಅಡುಗೆ ಕಟ್ಟೆಯ ಕಡಪ ಕಲ್ಲಿನ ಮೇಲೆ ನಿಂಬೆ ಹೋಳು ಇಟ್ಟು ನೋಡು. ಹೊಳಪು ಹೋಗಿ ಬಿಳಿ ಮಚ್ಚೆ ಬೀಳುತ್ತದೆ. ಮಾರ್ಬಲ್ ಗುಹೆ ಆದರೆ ಗಟ್ಟಿ, ಭಯ ಇಲ್ಲ ಅಂತ ನಿನ್ನ ಪೋಸ್ಟಿನ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಮಾರ್ಬಲ್ ಅಂದರೆ ಭೂಮಿಯೊಳಗೆ ಕಾದು ಒತ್ತಿಹೋದ ಅದೇ ಸುಣ್ಣದ ಕಲ್ಲು. ಅರಕು ಕಣಿವೆಯ ಬೊರ್ರಾ ಗುಹೆಯಲ್ಲಿ ಇರುವುದು ಮಾರ್ಬಲ್ಲೇ, ಅದನ್ನೂ ನೀರೇ ಕೊರೆದದ್ದು.

ಮಳೆಗಾಲದಲ್ಲಿ ಇಳಿಯಬೇಡಿ. ಆ ಕಡೆ ಅಕ್ಟೋಬರ್, ನವೆಂಬರ್‌ನಲ್ಲೂ ಮಳೆ ಹಿಡಿಯುತ್ತದೆ. ನೀನಿದ್ದಲ್ಲಿ ಬಿಸಿಲಿದ್ದರೂ ದೂರದ ಮೇಲುಬಯಲಿಗೆ ಬಿದ್ದದ್ದು ಒಳಗೆ ಬರುತ್ತದೆ. ಚಾವಣಿ ಸಂದಿಯಲ್ಲಿ ಒಣ ಕಸ ಕಡ್ಡಿ ಸಿಕ್ಕಿಕೊಂಡಿದ್ದರೆ ನೀರು ಅಲ್ಲಿತನಕ ಏರಿತ್ತು ಅಂತಲೇ ಲೆಕ್ಕ.

ಊದುಬತ್ತಿ, ಕರ್ಪೂರ ಹಚ್ಚಿ ಗಾಳಿ ನೋಡಿ ಅಂತ ಅಲ್ಲೇ ಕಾಮೆಂಟ್ ಹಾಕಿದ ಅಣ್ಣಾವ್ರಿಗೆ ಕೈ ಮುಗಿದು ಹೇಳ್ತೀನಿ, ಬೇಡ. ಹೊಗೆ ಕಲ್ಲು ಕಪ್ಪು ಮಾಡುತ್ತದೆ, ಬಾವಲಿಗಳನ್ನು ಎಬ್ಬಿಸುತ್ತದೆ. ಕೆಟ್ಟ ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ. ತಲೆ ಭಾರ, ಏದುಸಿರು ಶುರುವಾದ ಕೂಡಲೇ ಎಲ್ಲರೂ ಮೇಲೆ ಬನ್ನಿ. ಬಾವಲಿ ಹಿಕ್ಕೆಯ ಧೂಳಿದ್ದರೆ ಮಾಸ್ಕ್, ಎನ್95 ಇರಲಿ. ಆ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ಬರುವುದುಂಟು.

ಹೊಸಬರು ಇದ್ದಾರೆ ಅಂದರೆ ಮೊದಲು ಆಂಧ್ರದ್ದೇ ಆದ ಬೆಲಂ ಗುಹೆಗೆ ಕರಕೊಂಡು ಹೋಗು. ಬಳ್ಳಾರಿಯಿಂದ ಗುಂತಕಲ್, ಗುತ್ತಿ, ತಾಡಪತ್ರಿ ಮೇಲೆ ದಾರಿ. ಒಟ್ಟು 3229 ಮೀಟರ್ ಗುಹೆ, ಲೈಟು, ಗಾಳಿ ಪೈಪು ಎಲ್ಲ ಇದೆ. ನಮ್ಮ ಸಂಗನಕಲ್ಲು ಗುಡ್ಡದ ಬಗ್ಗೆ ಬರೆದ ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ ಸಾಹೇಬರೇ 1884ರಲ್ಲಿ ಇದನ್ನೂ ದಾಖಲಿಸಿದ್ದು. ಒಳಗೆ ಸೆಕೆ ಜಾಸ್ತಿ, ನೀರು ಒಯ್ಯಿ. ಬೇತಂಚರ್ಲಕ್ಕೇ ಹೋಗುವುದಾದರೆ ಆ ಊರಿನವರನ್ನು ಕೇಳದೆ, ಎಷ್ಟೊತ್ತಿಗೆ ಹೊರಗೆ ಬರ್ತೀವಿ ಅಂತ ಹೊರಗಿರುವ ಒಬ್ಬರಿಗೆ ಹೇಳದೆ ಇಳಿಯಬೇಡ. ಸುಣ್ಣದ ಬಾಣವನ್ನೂ ಬ್ರಷ್ಷು, ನೀರು ಹಾಕಿ ತೊಳೆದು ಬಾ. ಆ್ಯಸಿಡ್ ಮಾತ್ರ ಹಾಕಬೇಡ ಮತ್ತೆ.