ಶೆಲ್ಫಿನಲ್ಲಿ ಒಂದು ಜಾಗ ಖಾಲಿ

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಷ್ಟೆಲ್ಲಕ್ಕೆ ಕಾರಣವಾದ ಗೊಂಬೆ ಯಾವುದು ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಹುಡುಕುವವರ ಬಳಗ ಚಿಕ್ಕದು. ಗೊಂಬೆಯ ಹೆಸರು ಹೇಳಿದರೆ ಆಸಾಮಿ ಯಾರೆಂದು ಗೊತ್ತಾಗಿಬಿಡುತ್ತದೆ.

ಕಿರಣ್ ಮೊದಲ ದಿನ ಹೆಂಡತಿಯ ಜೊತೆ ಬಂದರು. ಕೂತವರು ಐದು ನಿಮಿಷ ಬಾಯಿ ಬಿಡಲಿಲ್ಲ. ಶ್ರುತಿಯೇ ಶುರುಮಾಡಿದರು: "ಮೊನ್ನೆ ರಾತ್ರಿ ಮೂರು ಗಂಟೆಗೆ ಫೋನ್ ತೆಗೆದು ಗೋಡೆಗೆ ಎಸೆದರು ಮೇಡಂ. ಮಗು ಬೆಚ್ಚಿಬಿದ್ದು ಎದ್ದು ಕೂತಿತು. ಏನಾಯ್ತು ಅಂದರೆ, ಗೊಂಬೆ ಸಿಗಲಿಲ್ಲ ಅಂತಾರೆ. ಮೂವತ್ತನಾಲ್ಕು ವರ್ಷ ಇವರಿಗೆ."

"ಗೊಂಬೆ ಅಲ್ಲ, ಅಮೀಬೊ," ಎಂದರು ಕಿರಣ್. ಅವತ್ತು ಅವರ ಬಾಯಿಂದ ಬಂದ ಮೊದಲ ಮಾತು ಅದು. ನನ್ನ ಕಿವಿಗೆ ಬಿದ್ದದ್ದು ಅಮೀಬಾ. ಹೈಸ್ಕೂಲಿನ ಜೀವಶಾಸ್ತ್ರ ನೆನಪಾಗಿ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಂಡೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ ಕೇಳಿದ್ದು ಒಳ್ಳೆಯದಾಯಿತು. ಅವರು ವಿವರಿಸಲು ಶುರುಮಾಡಿದ ಮೇಲೆ ಬೆನ್ನು ನೆಟ್ಟಗಾಯಿತು, ಕೈಗಳು ಆಡತೊಡಗಿದವು. ತಪ್ಪೊಪ್ಪಿಗೆಗೆ ಬಂದಂತಿದ್ದ ಮನುಷ್ಯ ಪಾಠ ಹೇಳುವ ಮೇಷ್ಟ್ರಾದರು.

ಅಂಗೈಯಲ್ಲಿ ಹಿಡಿಸುವ ಪುಟ್ಟ ಪ್ರತಿಮೆ. ಕೆಳಗಿನ ದುಂಡನೆಯ ಪೀಠದೊಳಗೆ ಒಂದು ಚಿಪ್. ಗೇಮ್ ಯಂತ್ರಕ್ಕೆ ಮುಟ್ಟಿಸಿದರೆ ಆ ಪಾತ್ರ ಆಟದೊಳಗೆ ಬರುತ್ತದೆ. ನಿಂಟೆಂಡೊ ಕಂಪನಿ 2014ರ ನವೆಂಬರಿನಲ್ಲಿ ಹನ್ನೆರಡು ಗೊಂಬೆಗಳೊಂದಿಗೆ ಇದನ್ನು ಶುರುಮಾಡಿತು. ಎಲ್ಲರಿಗೂ ಗೊತ್ತಿದ್ದ ಮಾರಿಯೊನಂಥವರು ಅಂಗಡಿಯಲ್ಲಿ ಸಿಗುತ್ತಲೇ ಇದ್ದರು. ಮಾರ್ಥ್, ವಿಲೇಜರ್, ವೀ ಫಿಟ್ ಟ್ರೇನರ್ ಎಂಬ ಮೂರು ಮಾತ್ರ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮಾಯವಾದವು. "ಯಾರೂ ಕೇಳಲ್ಲ ಅಂದುಕೊಂಡವನ್ನೇ ಎಲ್ಲರೂ ಕೇಳಿದರು ಮೇಡಂ." ಆಗ ಅಧ್ಯಕ್ಷರಾಗಿದ್ದ ಸಟೋರು ಇವಾಟಾ 2015ರಲ್ಲಿ ಹೂಡಿಕೆದಾರರಿಗೆ ಹೇಳಿದ್ದೂ ಕಿರಣ್‌ಗೆ ನೆನಪಿತ್ತು: ಅಂಗಡಿಯ ಶೆಲ್ಫಿನಲ್ಲಿ ಜಾಗಕ್ಕೆ ಮಿತಿ ಇದೆ, ಎಲ್ಲ ಗೊಂಬೆಗಳೂ ಸದಾ ಸಿಗುತ್ತವೆಂದು ಮಾತು ಕೊಡಲಾಗುವುದಿಲ್ಲ.

"ಕಾರಣ ಇಷ್ಟು ಚೆನ್ನಾಗಿ ಗೊತ್ತಿದೆಯಲ್ಲ, ಆದರೂ ಸಿಟ್ಟು ಯಾರ ಮೇಲೆ?" ಎಂದು ಕೇಳಿದೆ. ಅವರು ತಮ್ಮ ಬಲಗೈ ಹೆಬ್ಬೆರಳನ್ನೇ ನೋಡಿಕೊಂಡರು. ಆಗ ನನಗೆ ಅದರ ಅರ್ಥ ಆಗಲಿಲ್ಲ.

ಆ ರಾತ್ರಿ ನಡೆದದ್ದು ಇಷ್ಟು. ಎರಡು ವರ್ಷದಿಂದ ಹುಡುಕುತ್ತಿದ್ದ ಗೊಂಬೆ ಒಂದು ಆನ್‌ಲೈನ್ ಅಂಗಡಿಗೆ ಮರಳಿ ಬರುತ್ತದೆಂಬ ಸುದ್ದಿ. ಎರಡೂಮುಕ್ಕಾಲಕ್ಕೆ ಅಲಾರಂ. ಲ್ಯಾಪ್‌ಟಾಪ್‌ನಲ್ಲಿ ಮೂರು ಕಿಟಕಿ, ಕೈಯಲ್ಲಿ ಫೋನ್. ವಿಳಾಸ, ಕಾರ್ಡಿನ ವಿವರ ಎಲ್ಲ ಮೊದಲೇ ತುಂಬಿಟ್ಟಿದ್ದರು. ಮೂರು ಗಂಟೆ ಒಂದು ನಿಮಿಷಕ್ಕೆ ಗೊಂಬೆ ಕಾರ್ಟ್‌ಗೆ ಬಿತ್ತು. ಹಣ ಕಟ್ಟುವ ಬಟನ್ ಒತ್ತಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಆಮೇಲೆ ಕೆಂಪಕ್ಷರದಲ್ಲಿ 'ಸ್ಟಾಕ್ ಇಲ್ಲ'. ಹತ್ತು ನಿಮಿಷ ಕಳೆಯುವುದರೊಳಗೆ ಅದೇ ಗೊಂಬೆ ಮರುಮಾರಾಟದವರ ಹತ್ತಿರ ನಾಲ್ಕು ಪಟ್ಟು ಬೆಲೆಗೆ ಕಾಣಿಸಿಕೊಂಡಿತು. ಫೋನ್ ಗೋಡೆಗೆ ಹೋದದ್ದು ಕೆಂಪಕ್ಷರ ಕಂಡಾಗಲ್ಲ, ಆ ನಾಲ್ಕು ಪಟ್ಟು ಕಂಡಾಗ.

ಇದಕ್ಕೂ ಹಿಂದೆ ಇನ್ನೊಂದು ಅಂಗಡಿ ಮುಂಗಡ ಆರ್ಡರ್ ತೆಗೆದುಕೊಂಡು, ಖಚಿತಪಡಿಸಿ, ಹನ್ನೊಂದು ದಿನದ ಮೇಲೆ ರದ್ದು ಮಾಡಿತ್ತು. ಹಣ ವಾಪಸ್ ಬಂತು. ಆ ಹನ್ನೊಂದು ದಿನ ಶೆಲ್ಫಿನಲ್ಲಿ ಜಾಗ ಒರೆಸಿ, ಅಳತೆ ತೆಗೆದು, ಪುಟ್ಟ ಚೀಟಿ ಅಂಟಿಸಿದ್ದರು. ಚೀಟಿ ಈಗಲೂ ಇದೆ.

ಇಲ್ಲಿ ನನ್ನ ಎಡವಟ್ಟನ್ನೂ ಹೇಳಬೇಕು. ಎರಡನೇ ಭೇಟಿಯಲ್ಲಿ, ಗೊಂಬೆ ಬಂತೆಂದು ಫೋನಿಗೆ ತಿಳಿಸುವ ಅಲರ್ಟ್‌ಗಳನ್ನೆಲ್ಲ ಒಂದು ತಿಂಗಳು ತೆಗೆದುಹಾಕಿ ಎಂದೆ. ಗಡಿಬಿಡಿಯ ಸಲಹೆ. ಅವರು ವಿಧೇಯರಾಗಿ ತೆಗೆದರು, ಸಹೋದ್ಯೋಗಿಯ ಫೋನಿನಲ್ಲಿ ಹಾಕಿಸಿಕೊಂಡರು! ಮುಂದಿನ ವಾರ ತಾವೇ ಬಂದು ಹೇಳಿದರು, ನಾಚಿಕೆಯಿಂದ. ಹವ್ಯಾಸವನ್ನೇ ಕತ್ತರಿಸಲು ಹೊರಟ ತಕ್ಷಣ ಎದುರಿಗಿದ್ದವರು ಅದನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ಸಮಸ್ಯೆ ಮೂಲೆಗೆ ಸರಿಯುತ್ತದೆ. ಬಾಲ್ಯದಲ್ಲಿ ಆಟಿಕೆ ಸಿಗದ ಕಥೆ ಏನಾದರೂ ಇದೆಯೇ ಎಂದೂ ಕೆದಕಿದೆ. ಇರಲಿಲ್ಲ. ಬೇಕಾದಷ್ಟು ಆಡಿ ಬೆಳೆದವರು. ನಮ್ಮ ವೃತ್ತಿಯವರಿಗೆ ಇಂಥ ಕಥೆಗಳ ಚಪಲ ಸ್ವಲ್ಪ ಜಾಸ್ತಿ.

"ಅದು ಸಿಗದೇ ಹೋದರೆ ಏನಾಗುತ್ತೆ?" ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಚೆನ್ನಾಗಿತ್ತು. "ಏನೂ ಆಗಲ್ಲ ಮೇಡಂ. ಅದೇ ನನಗೆ ಬೇಜಾರು. ಏನೂ ಆಗದ ವಿಷಯಕ್ಕೆ ಇಷ್ಟು ಉರೀತಿದೀನಿ."

ಮೂರನೇ ಭೇಟಿಗೆ ಶೆಲ್ಫಿನ ಫೋಟೊ ತರಲು ಹೇಳಿದ್ದೆ. ಒಂದೇ ಸಾಲಿನಲ್ಲಿ ಹತ್ತೊಂಬತ್ತು ಪೆಟ್ಟಿಗೆ, ಎಲ್ಲ ಸೀಲ್ ಒಡೆಯದವು. ಎಡತುದಿಯಲ್ಲಿ ಪೆಟ್ಟಿಗೆ ಇಲ್ಲದ ಒಂದು ಬರಿಗೊಂಬೆ, ಪೀಠದ ಅಂಚಿನಲ್ಲಿ ಬಣ್ಣ ಸವೆದಿತ್ತು. ಬಲತುದಿಯ ಹತ್ತಿರ ಚೀಟಿ ಅಂಟಿಸಿದ ಖಾಲಿ ಜಾಗ. ನಾನು ಖಾಲಿ ಜಾಗದ ಬಗ್ಗೆ ಕೇಳುತ್ತೇನೆಂದು ಅವರು ಕಾದಿದ್ದರು. ನಾನು ಸವೆದ ಗೊಂಬೆಯ ಬಗ್ಗೆ ಕೇಳಿದೆ.

ಅದು ಅವರು ಕೊಂಡ ಮೊದಲನೆಯದು. ಆಡಲೆಂದೇ ಕೊಂಡದ್ದು. ಹೊಡೆದಾಟದ ಆಟದಲ್ಲಿ ಅದಕ್ಕೆ ಪಟ್ಟು ಕಲಿಸಬಹುದಂತೆ. ಕಲಿತದ್ದು ಪೀಠದ ಚಿಪ್‌ನಲ್ಲೇ ಉಳಿಯುತ್ತದೆ. ಒಂದನೇ ಹಂತದಿಂದ ಐವತ್ತನೇ ಹಂತದವರೆಗೆ ತಾವೇ ಬೆಳೆಸಿದ್ದರು. ಕೊನೆಗೆ ಅದು ಗುರುವನ್ನೇ ಹೊಡೆಯತೊಡಗಿತು. ಹೇಳುವಾಗ ನಗುತ್ತಿದ್ದರು. ಉಳಿದ ಹತ್ತೊಂಬತ್ತು? ಅವನ್ನು ಆಟಕ್ಕೆ ಮುಟ್ಟಿಸಿಯೇ ಇಲ್ಲ. ಪೆಟ್ಟಿಗೆಯ ತಳದಲ್ಲಿ ಲೋಹದ ಹಾಳೆ ಅಂಟಿಸಿರುತ್ತಾರೆ, ಸೀಲ್ ಒಡೆಯದೆ ಚಿಪ್ ಓದಲಾಗದು. ಸೀಲ್ ಒಡೆದರೆ ಬೆಲೆ ಹೋಗುತ್ತದೆ.

"ಮಾರೋ ಯೋಚನೆ ಇದೆಯಾ?"

"ಇಲ್ಲ."

"ಮತ್ತೆ ಬೆಲೆ ಯಾರಿಗೆ?"

ಉತ್ತರ ಬರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಪೆಟ್ಟಿಗೆಯಲ್ಲೇ ಇಡುವುದು ಅನೇಕ ಸಂಗ್ರಾಹಕರಿಗೆ ನಿಜವಾದ ಖುಷಿ, ಅದರಲ್ಲಿ ಹುಳುಕು ಹುಡುಕಬೇಕಿಲ್ಲ. ನನಗೆ ಬೇಕಿದ್ದದ್ದು, ಕಿರಣ್‌ಗೆ ಅದು ಖುಷಿಯೋ ಅಥವಾ ಯಾವಾಗಲೋ ಬಂದು ಕುಳಿತ ಕಟ್ಟಳೆಯೋ ಎಂದು ಅವರೇ ನೋಡಿಕೊಳ್ಳುವುದು.

ಇನ್ನೊಂದು ಪ್ರಶ್ನೆ ಹಾಕಿದೆ. ನಾಳೆ ಬೆಳಗ್ಗೆ ಅದೇ ಗೊಂಬೆ ಎದುರಿನ ಅಂಗಡಿಯಲ್ಲಿ ರಾಶಿ ಬಿದ್ದಿದೆ ಅಂದುಕೊಳ್ಳಿ, ಐವತ್ತು ಇವೆ. ತಗೋತೀರಾ? ಸ್ವಲ್ಪ ಯೋಚಿಸಿದರು. "ತಗೋತೀನಿ. ಆದರೆ ಅದಕ್ಕೋಸ್ಕರ ನಿಮ್ಮ ಹತ್ತಿರ ಬಂದು ಕೂರ್ತಿರಲಿಲ್ಲ."

ಬೇಕು ಅನ್ನುವುದರೊಳಗೆ ಎರಡು ಬೇರೆಬೇರೆ ಎಳೆಗಳಿವೆ: ವಸ್ತು ಬೇಕು, ಸೋಲಬಾರದು. ಕೊರತೆ ಎರಡನೆಯದನ್ನು ದಪ್ಪ ಮಾಡುತ್ತದೆ. 1975ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ವೊರ್ಚೆಲ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದ್ದರು. ಒಂದೇ ಬಗೆಯ ಬಿಸ್ಕತ್ತು. ಕೆಲವರ ಮುಂದಿನ ಜಾಡಿಯಲ್ಲಿ ಹತ್ತು, ಕೆಲವರ ಮುಂದೆ ಎರಡೇ. ಎರಡೇ ಇದ್ದ ಜಾಡಿಯ ಬಿಸ್ಕತ್ತು ಹೆಚ್ಚು ಬೇಕೆನಿಸುತ್ತದೆ, ಹೆಚ್ಚು ಬೆಲೆಬಾಳುತ್ತದೆ ಎಂದು ಜನ ಅಂದರು. ರುಚಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಿರಣ್‌ಗೆ ಇದನ್ನು ಹೇಳಿದೆ. ಅದಕ್ಕಿಂತ ಅವರಿಗೆ ನಾಟಿದ್ದು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳಲ್ಲಿ ಕಂಡದ್ದು: ತಿನಿಸು ಹತ್ತಿರವಾದಷ್ಟೂ ಇಲಿ ಜೋರಾಗಿ ಓಡುತ್ತದೆ. ಸಾಲಿನಲ್ಲಿ ಹತ್ತು ಜಾಗ ಖಾಲಿ ಇದ್ದಾಗ ಅವರಿಗೆ ನಿದ್ದೆ ಬರುತ್ತಿತ್ತು. ಒಂದೇ ಉಳಿದಾಗಿನಿಂದ ಅಲಾರಂ ಶುರುವಾದದ್ದು.

ಹೆಬ್ಬೆರಳಿನ ಗುಟ್ಟು ನಾಲ್ಕನೇ ಭೇಟಿಯಲ್ಲಿ ಹೊರಬಿತ್ತು. "ಅರ್ಧ ಸೆಕೆಂಡ್ ಮೊದಲು ಒತ್ತಿದ್ದರೆ ಸಿಗ್ತಿತ್ತು. ಇಷ್ಟು ತಯಾರಿ ಮಾಡಿಕೊಂಡೂ ತಪ್ಪಿಸಿಕೊಂಡೆ. ಆಫೀಸಲ್ಲೂ ನಾನು ಹೀಗೇ." ಸಿಟ್ಟೆಲ್ಲ ಅಂಗಡಿಯವರ ಮೇಲೆ ಎಂದುಕೊಂಡಿದ್ದೆ. ಅರ್ಧದಷ್ಟು ತಮ್ಮ ಮೇಲೇ ಇತ್ತು. ಇದು ಎಲ್ಲಿಯ ನ್ಯಾಯ ಎಂದು ನಾನೇ ಸ್ವಲ್ಪ ದನಿ ಏರಿಸಿದೆ. ಮರುಮಾರಾಟದವರಲ್ಲಿ ಅನೇಕರು ಬಾಟ್ ಎಂಬ, ತಾನಾಗಿಯೇ ಕೊಳ್ಳುವ ತಂತ್ರಾಂಶ ಓಡಿಸುತ್ತಾರೆ. ಫಾರಂ ತುಂಬಿ ಹಣ ಕಟ್ಟುವುದು ಅದಕ್ಕೆ ಕ್ಷಣದ ಕೆಲಸ. ಯಂತ್ರದ ಜೊತೆ ಓಡಿ ಸೋತವರು ತಮ್ಮ ಬೆರಳನ್ನು ಬೈದುಕೊಂಡರೆ ಹೇಗೆ? ಅವರ ತಯಾರಿಯಲ್ಲಿ ಕೊರತೆ ಇರಲಿಲ್ಲ. ಆ ಓಟವೇ ಸಮನಾದದ್ದಲ್ಲ. ಅನ್ಯಾಯವಾಗಿದೆ ಎಂಬ ಅವರ ಮಾತು ಸರಿ ಎಂದು ಯಾರಾದರೂ ಒಪ್ಪಿದ್ದು ಅದೇ ಮೊದಲಂತೆ. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರೂ 'ಬರೀ ಗೊಂಬೆ' ಎಂದು ಮುಗಿಸಿದ್ದರು. ಹಾಗೆ ಮುಗಿಸಿದಷ್ಟೂ ಅವರು ಒಳಗೊಳಗೇ ವಾದ ಬೆಳೆಸುತ್ತ ಹೋಗಿದ್ದರು.

ನಾನು ಇನ್ನೊಂದು ಉದಾಹರಣೆ ಓದಿಕೊಂಡು ಹೋಗಿದ್ದೆ. ಇದೇ ಕಂಪನಿಯ ಎನ್‌ಇಎಸ್ ಕ್ಲಾಸಿಕ್ ಎಂಬ ಪುಟ್ಟ ಗೇಮ್ ಯಂತ್ರ 2016ರ ನವೆಂಬರಿನಲ್ಲಿ ಬಂತು, ಸಿಗದೆ ಜನ ಪರದಾಡಿದರು, 2017ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸುತ್ತಿದ್ದೇವೆ ಎಂದರು. 2018ರ ಜೂನ್‌ನಲ್ಲಿ ಮತ್ತೆ ಅಂಗಡಿಗೆ ತಂದರು. ನಡುವೆ ದುಪ್ಪಟ್ಟು ತ್ರಿಪ್ಪಟ್ಟು ಕೊಟ್ಟು ಕೊಂಡವರ ಗತಿ ಯೋಚಿಸಿ ಎಂದೆ. ಕಿರಣ್ ನಕ್ಕರು. "ಎಲ್ಲವೂ ವಾಪಸ್ ಬರಲ್ಲ ಮೇಡಂ." ಹೌದು. ಕಾದರೆ ಸಿಕ್ಕೀತು ಎಂಬ ಸಮಾಧಾನದ ಮೇಲೆ ಸಲಹೆ ಕಟ್ಟಿದರೆ, ಅದು ಬರದ ದಿನ ಸಲಹೆಯೂ ಬೀಳುತ್ತದೆ. ಎಂದೂ ಸಿಗದಿದ್ದರೂ ನಡೆಯುವಂಥ ಏರ್ಪಾಡು ಬೇಕಿತ್ತು. ಅಲ್ಲಿಂದ ಮುಂದೆ ಸಲಹೆಗಳನ್ನು ಇಬ್ಬರೂ ಕೂತು ಮಾಡಿದೆವು.

ಮೊದಲನೆಯದು ನಿದ್ದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹುಡುಕಾಟ ಇಲ್ಲ. ಈ ಹೊತ್ತಿನಲ್ಲಿ ಬಂದು ಹೋದದ್ದು ನಮ್ಮದಲ್ಲ. ಅವರು ಬಹಳ ಚೌಕಾಸಿ ಮಾಡಿದ್ದು ಇದರ ಮೇಲೆಯೇ. ನಾನೂ ಇದೊಂದರಲ್ಲಿ ಬಗ್ಗಲಿಲ್ಲ. ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ಸೋಲೂ ದೊಡ್ಡದಾಗಿ ಕಾಣುತ್ತದೆ. ಹಗಲಿನಲ್ಲಿ ಒಂದೇ ಅಲರ್ಟ್, ಒಂದೇ ಫೋನಿನಲ್ಲಿ, ಅವರದ್ದರಲ್ಲೇ.

ಆಮೇಲೆ ಬೆಲೆ. ಎಷ್ಟರವರೆಗೆ ಕೊಡಬಹುದು ಎಂದು ತಣ್ಣಗಿರುವಾಗ ಕಾಗದದ ಮೇಲೆ ಬರೆದು, ಆ ಚೀಟಿಯನ್ನು ಶೆಲ್ಫಿನ ಖಾಲಿ ಜಾಗದಲ್ಲೇ ಇಡುವುದು. ಮೊತ್ತ ಶ್ರುತಿಗೆ ಗೊತ್ತಿರಬೇಕು, ಆದರೆ ಅವರ ಅಪ್ಪಣೆ ಕೇಳುವಂತಾಗಬಾರದು. ಹೆಂಡತಿಯನ್ನು ಕಾವಲುಗಾರಳನ್ನಾಗಿ ಮಾಡಿದ ಮನೆಯಲ್ಲಿ ಕಳ್ಳಾಟ ತಾನಾಗಿಯೇ ಹುಟ್ಟುತ್ತದೆ. ಬರೆದ ಮೊತ್ತಕ್ಕಿಂತ ಹೆಚ್ಚು ಕೇಳಿದರೆ ಅದು ಮಾರಾಟಕ್ಕಿಲ್ಲದ ವಸ್ತು ಎಂದೇ ಲೆಕ್ಕ.

ಕೈತಪ್ಪಿದ ಕ್ಷಣಕ್ಕೆ ಬೇರೆಯದೇ ತಯಾರಿ. ಫೋನನ್ನು ಮುಖ ಕೆಳಗೆ ಮಾಡಿ ಇನ್ನೊಂದು ಕೋಣೆಯಲ್ಲಿಡುವುದು, ಇಪ್ಪತ್ತು ನಿಮಿಷ ಮರುಮಾರಾಟದ ಬೆಲೆ ನೋಡದಿರುವುದು. ಅವರ ಸಿಟ್ಟು ಹೊತ್ತಿಕೊಳ್ಳುವುದು ಆ ಎರಡನೇ ನೋಟದಲ್ಲಿ ಎಂದು ಗೊತ್ತಿತ್ತಲ್ಲ. ಆಸೆ, ಸಿಟ್ಟು ಎರಡೂ ಅಲೆಯಂತೆ ಏರಿ ಇಳಿಯುತ್ತವೆ. ಏರುವಾಗ ಏನೂ ಮಾಡದೆ ಅದರ ಮೇಲೆ ತೇಲುವುದನ್ನು ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ವ್ಯಸನದ ಚಿಕಿತ್ಸೆಯಲ್ಲಿ ಬಳಸಿದ್ದರು, ಇಲ್ಲಿಗೂ ಹೊಂದುತ್ತದೆ. ಇಪ್ಪತ್ತು ನಿಮಿಷದ ಮೇಲೆ ಒಂದು ಪುಸ್ತಕದಲ್ಲಿ ಸಿಟ್ಟಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯುವುದು. ಗೋಡೆಗೆ ಫೋನ್ ಎಸೆದ ರಾತ್ರಿಗೆ ಅವರು ಒಂಬತ್ತು ಕೊಟ್ಟರು. ಹತ್ತು ಯಾಕಲ್ಲ ಎಂದೆ. "ಟಿವಿ ಬಿಟ್ಟೆನಲ್ಲ."

ಮಗಳ ಹತ್ತಿರ ಮಾತಾಡುವುದು ಬಾಕಿ ಇತ್ತು. ಐದು ವರ್ಷದ ಮಗು. ಅಪ್ಪನಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡಿತ್ತು. "ಅಪ್ಪನಿಗೆ ಬೇರೆ ವಿಷಯಕ್ಕೆ ಸಿಟ್ಟು ಬಂದಿತ್ತು ಪುಟ್ಟಿ, ಫೋನ್ ಎಸೆದದ್ದು ತಪ್ಪು," ಇಷ್ಟೇ ಸಾಕು, ಗೊಂಬೆಯ ಅಭಾವದ ಇತಿಹಾಸ ಬೇಡ ಎಂದೆ. ಹೇಳಿದರಂತೆ. ಮಗು ಕೇಳಿದ್ದು ಒಂದೇ: "ಫೋನ್‌ಗೆ ನೋವಾಯ್ತಾ?" ಆ ವಾರ ಅವರು ಒಂದು ಪೆಟ್ಟಿಗೆಯ ಸೀಲ್ ಒಡೆದರು. ಅದು ನನ್ನ ಸಲಹೆಯಲ್ಲ, ಅದರ ಶ್ರೇಯಸ್ಸು ನನಗೆ ಬೇಡ. ಮಗಳು ಆರಿಸಿದ ಪೆಟ್ಟಿಗೆ, ಕತ್ತರಿ ಹಿಡಿದದ್ದು ಅಪ್ಪ. ಕೈ ನಡುಗಿತಂತೆ. ಈಗ ಆ ಗೊಂಬೆಗೆ ಮಗಳು ಪಟ್ಟು ಕಲಿಸುತ್ತಿದ್ದಾಳೆ. ಕಲಿತದ್ದೆಲ್ಲ ತಪ್ಪು ಪಟ್ಟೇ ಎಂದು ಅಪ್ಪನ ದೂರು.

ಇಂಥ ಎಲ್ಲರಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಸಾಲ ಮಾಡಿ ಕೊಳ್ಳುವುದು, ಕೊಂಡದ್ದನ್ನು ಮನೆಯವರಿಂದ ಮುಚ್ಚಿಡುವುದು, ಕೆಲಸಕ್ಕೆ ಹೋಗಲಾಗದಷ್ಟು ನಿದ್ದೆಗೆಡುವುದು, ಮನೆಯವರ ಮೇಲೆ ಕೈಮಾಡುವುದು ಕಂಡರೆ ಮನೋವೈದ್ಯರಿಗೆ ತೋರಿಸಲು ಹೇಳುತ್ತೇನೆ. ಕಿರಣ್ ವಿಷಯದಲ್ಲಿ ಅವು ಇರಲಿಲ್ಲ. ಶೇಖರಣೆಯ ಕಾಯಿಲೆ ಎಂಬುದೂ ಇದಲ್ಲ. ಅಲ್ಲಿ ಬಿಸಾಡಲಾಗದ ವಸ್ತುಗಳು ತುಂಬಿ ಓಡಾಡಲು ಜಾಗವಿರುವುದಿಲ್ಲ. ಇಲ್ಲಿ ಶೆಲ್ಫ್ ನನ್ನ ಮೇಜಿಗಿಂತ ಅಚ್ಚುಕಟ್ಟಾಗಿತ್ತು.

ಏಳನೇ ಭೇಟಿಗೆ ಬಂದಾಗ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಆ ಗೊಂಬೆ ಮತ್ತೆ ಬಂದಿತ್ತು, ಬೆಳಗಿನ ಜಾವ ನಾಲ್ಕಕ್ಕೆ. ಇವರು ಮಲಗಿದ್ದರು. ಏಳು ಗಂಟೆಗೆ ಎದ್ದು ನೋಡುವಷ್ಟರಲ್ಲಿ ಮುಗಿದಿತ್ತು. ಪುಸ್ತಕದಲ್ಲಿ ಅಂಕ ಆರು, ಪಕ್ಕದಲ್ಲಿ ಏನೋ ಬರೆದು ಕಾಗದ ಹರಿಯುವಂತೆ ಹೊಡೆದುಹಾಕಿದ್ದರು. "ನೀವು ಮಲಗಿ ಅಂದಿರಿ ಮೇಡಂ," ಎಂದರು. ದನಿಯಲ್ಲಿ ದೂರಿತ್ತು. ಹೌದು, ನಾನೇ ಅಂದದ್ದು ಎಂದೆ. ಹೊಡೆದುಹಾಕಿದ್ದು ಏನೆಂದು ಕೇಳಲಿಲ್ಲ. ಖಾಲಿ ಜಾಗದ ಚೀಟಿಯಲ್ಲಿ ಬೆಲೆಯನ್ನು ತಿದ್ದಿಲ್ಲ ಎಂದು ಅವರೇ ಹೇಳಿದರು. ಮುಂದಿನ ಭೇಟಿ ಆರು ವಾರದ ಮೇಲೆ.