ತಟ್ಟೆಗಳನ್ನು ಎಲ್ಲಿಟ್ಟಿದ್ದೆ?

ಪ್ರೀತಿಯ ತಂಗಿ,

ನಿನ್ನ ಇಮೇಲನ್ನು ಎರಡು ಸಲ ಓದಿದೆ. ಹಾಸನದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸುತ್ತಿದ್ದೀಯೆ, ಗಣಿತ ಪಿಯುಸಿಗೇ ನಿಂತಿದೆ, ಅಮೆರಿಕಕ್ಕೆ ಬಂದು ಸಂಖ್ಯಾಶಾಸ್ತ್ರ ಓದುವ ಆಸೆ. ‘ಅಕ್ಕ, ನನ್ನಂಥವಳನ್ನು ಅಲ್ಲಿ ಸೇರಿಸಿಕೊಳ್ಳುತ್ತಾರಾ? ಅಪ್ಪನ ಕೈಯಲ್ಲಿ ಅಷ್ಟು ಹಣವಿಲ್ಲ’ ಎಂದು ಕೇಳಿದ್ದೀಯೆ. ಸೇರಿಸಿಕೊಳ್ಳುತ್ತಾರೆ. ಆದರೆ ಗಣಿತದ ಬಾಕಿಯನ್ನು ತೀರಿಸಿಯೇ ಬರಬೇಕು.

ಸಸ್ಯಶಾಸ್ತ್ರ ಓದಿದ್ದಕ್ಕೆ ಅರ್ಜಿಯಲ್ಲಿ ಎಲ್ಲೂ ಕ್ಷಮೆ ಕೇಳಬೇಡ. ನಾನಿರುವ ಅಯೋವಾದ ಏಮ್ಸ್ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. 1933ರಲ್ಲಿ ಜಾರ್ಜ್ ಸ್ನೆಡೆಕರ್ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಯೋಗಾಲಯ ಆರಂಭಿಸಿದಾಗ ಅದಕ್ಕೆ ಕೆಲಸ ಒದಗಿಸಿದವರಲ್ಲಿ ಕೃಷಿ ವಿಜ್ಞಾನಿಗಳೇ ಮುಂದಿದ್ದರು. ಎರಡು ಗುಂಪುಗಳ ಸರಾಸರಿ ಹೋಲಿಸಲು ನೀನು ದಿನವೂ ಬಳಸುವ ಟಿ-ಪರೀಕ್ಷೆಯನ್ನು 1908ರಲ್ಲಿ ಕೊಟ್ಟ ಗಾಸೆಟ್, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದ್ದು ಗಣಿತದ ಜೊತೆ ರಸಾಯನಶಾಸ್ತ್ರವನ್ನೂ ಓದಿಕೊಂಡು. ಇನ್ನೊಂದು ದಾರಿಯೂ ಇದೆ: ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಗಣಿತದಿಂದ ಈ ಕಡೆಗೆ ಬಂದವರು. ಹೊಲದಿಂದ ಬಂದವರಿಗೂ ಗಣಿತದಿಂದ ಬಂದವರಿಗೂ ಇಲ್ಲಿ ಜಾಗವಿದೆ.

ಈಗ ಬಾಕಿಯ ಮಾತು. ಪ್ರವೇಶ ಸಮಿತಿ ನಿನ್ನ ಅಂಕಪಟ್ಟಿಯಲ್ಲಿ ಮೊದಲು ಹುಡುಕುವುದು ಕಲನಶಾಸ್ತ್ರ (ಕ್ಯಾಲ್ಕುಲಸ್), ರೇಖೀಯ ಬೀಜಗಣಿತ ಮತ್ತು ಸಂಭವನೀಯತೆ. ಪಿಎಚ್.ಡಿ.ಗಾದರೆ ಕಲನಶಾಸ್ತ್ರದ ನಿಯಮಗಳನ್ನು ಸಾಧಿಸಿ ತೋರಿಸುವ ರಿಯಲ್ ಅನಾಲಿಸಿಸ್ ಕೂಡ ಇದ್ದರೆ ಒಳ್ಳೆಯದು. ‘ಸ್ವಂತವಾಗಿ ಓದಿಕೊಂಡಿದ್ದೇನೆ’ ಎಂದರೆ ಯಾರೂ ನಂಬುವುದಿಲ್ಲ, ಪರೀಕ್ಷೆ ಬರೆದ ದಾಖಲೆ ಬೇಕು. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳಿಗೆ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಇದೆ, ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಇದಕ್ಕಾಗಿ ಒಂದು ವರ್ಷ ತಡವಾದರೂ ಆಗಲಿ. ಬಹುಪಾಲು ಅರ್ಜಿಗಳ ಕೊನೆಯ ದಿನ ಡಿಸೆಂಬರ್ ಮತ್ತು ಜನವರಿ ನಡುವೆ ಬರುತ್ತದೆ. ಈ ವರ್ಷ ಅವಸರದಲ್ಲಿ ಹಾಕಿದರೆ ಅರ್ಜಿ ಶುಲ್ಕವಷ್ಟೇ ಹೋಗುತ್ತದೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆ ಕೆಲವು ಕಡೆ ಬೇಕು, ಕೆಲವು ಕಡೆ ಬೇಡ. ಆಯಾ ವಿಭಾಗದ ಪುಟ ನೋಡಿ ತಿಳಿದುಕೊ.

ಏಕೆ ಓದಬೇಕೆಂದಿದ್ದೀಯೆ ಎಂದು ಅರ್ಜಿಯ ಜೊತೆ ಬರೆಯುವ ಉದ್ದೇಶದ ಪ್ರಬಂಧಕ್ಕೆ ಮಾತ್ರ ಒಂದು ತಿಂಗಳು ಎತ್ತಿಡು. ‘ಚಿಕ್ಕಂದಿನಿಂದಲೂ ನನಗೆ ಲೆಕ್ಕ ಎಂದರೆ ಪ್ರೀತಿ’ ಎಂದು ನಾನು ಮೊದಲು ಬರೆದಿದ್ದೆ. ಅದನ್ನು ಹೊಡೆದುಹಾಕಿ ರಾಗಿ ಕಾಳಿನ ಕಥೆ ಬರೆದೆ. ಎಂ.ಎಸ್ಸಿ.ಯಲ್ಲಿ ಸಾದಾ ನೀರೂ ಸೇರಿ, ಉಪ್ಪಿನ ಪ್ರಮಾಣ ಬೇರೆಬೇರೆಯಿದ್ದ ನಾಲ್ಕು ಬಗೆಯ ನೀರಿನಲ್ಲಿ ಮೊಳಕೆ ಎಣಿಸುವ ಕೆಲಸ ನನ್ನದು. ಬಗೆಗೆ ನಾಲ್ಕು ಪೆಟ್ರಿ ತಟ್ಟೆ, ತಟ್ಟೆಗೆ 25 ಕಾಳು. ಮೂರನೆಯ ದಿನ ಎಣಿಸುತ್ತಾ ಕುಳಿತಾಗ ಕಣ್ಣಿಗೆ ಬಿತ್ತು: ಉಪ್ಪು ಹೆಚ್ಚಿದ್ದ ತಟ್ಟೆಗಳೆಲ್ಲ ಒಳಗಿನ ಕಪಾಟಿನಲ್ಲಿ, ಸಾದಾ ನೀರಿನವೆಲ್ಲ ಕಿಟಕಿಯ ಬಿಸಿಲಿನ ಪಕ್ಕ. ಮೊಳಕೆ ತಡೆದದ್ದು ಉಪ್ಪೋ ತಂಪೋ? ನಾಲ್ಕುನೂರು ಕಾಳು ಎಣಿಸಿದ್ದರೂ ಉತ್ತರವಿರಲಿಲ್ಲ. ಹೊಸ ಕಾಳು ನೆನೆಹಾಕಿ, ಚೀಟಿ ಎತ್ತಿ ತಟ್ಟೆಗಳಿಗೆ ಜಾಗ ಹಂಚಿದೆ. ನನಗೆ ಸಂಖ್ಯಾಶಾಸ್ತ್ರ ಬೇಕೆನಿಸಿದ್ದು ಆ ಸಂಜೆ. ಇಲ್ಲಿಗೆ ಬಂದ ಮೇಲೆ ಒಬ್ಬ ಪ್ರಾಧ್ಯಾಪಕರು ನನ್ನನ್ನು ಮೊದಲು ಕೇಳಿದ್ದೂ ಆ ಕಿಟಕಿಯ ಬಗ್ಗೆಯೇ.

ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದು ನನ್ನ ಮೇಷ್ಟ್ರೊಬ್ಬರು ಹೇಳಿದ್ದರು. ಒಪ್ಪಬೇಡ, ಅದು ಸರಿಯಲ್ಲ. ನಿನ್ನ ಪ್ರಯೋಗದ ವಿವರವನ್ನು ಒಂದು ಪುಟದಲ್ಲಿ ಬರೆದುಕೊಟ್ಟು, ಪತ್ರವನ್ನು ಅವರೇ ಬರೆಯಲಿ ಎಂದು ವಿನಯದಿಂದ ಕೇಳು.

ಹಣದ ಚಿಂತೆ ನನಗೆ ಅರ್ಥವಾಗುತ್ತದೆ. ಎಂ.ಎಸ್. ಎಂಬ ಇಲ್ಲಿನ ಸ್ನಾತಕೋತ್ತರ ಪದವಿಗೆ ಹೆಚ್ಚಿನವರು ಕೈಯಿಂದಲೇ ಹಾಕುತ್ತಾರೆ, ಸಾಲ ಮಾಡುತ್ತಾರೆ. ಪಿಎಚ್.ಡಿ. ಹಾಗಲ್ಲ. ಬೋಧನೆಯಲ್ಲೋ ಸಂಶೋಧನೆಯಲ್ಲೋ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ನೆರವಾದರೆ ಶುಲ್ಕ ಮನ್ನಾ ಆಗಿ ತಿಂಗಳ ಭತ್ಯೆಯೂ ಸಿಗುತ್ತದೆ. ಅದಕ್ಕೇ ನಾನು ಹಿಡಿದ ದಾರಿಯನ್ನು ನಿನಗೂ ಹೇಳುತ್ತೇನೆ: ಸಸ್ಯ ತಳಿ ಅಭಿವೃದ್ಧಿಯ ಪಿಎಚ್.ಡಿ.ಗೆ ಸೇರಿದೆ, ಬಿಟ್ಟುಹೋದ ಗಣಿತವನ್ನು ಇಲ್ಲಿಯೇ ಪದವಿ ತರಗತಿಯ ಹುಡುಗರ ಜೊತೆ ಕುಳಿತು ಕಲಿತೆ, ಸಂಖ್ಯಾಶಾಸ್ತ್ರದ ಎಂ.ಎಸ್. ಅನ್ನು ಜೊತೆಜೊತೆಗೇ ಮುಗಿಸಿದೆ. ಅರ್ಧದಷ್ಟು ಅರ್ಜಿಗಳನ್ನಾದರೂ ಇಂಥ ಕಡೆ ಹಾಕು. ಓದು ಮುಗಿದ ಮೇಲೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲೇ 12 ತಿಂಗಳು, ಅದರ ಮೇಲೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಸಿಗುವ ಸ್ಟೆಮ್ ವಿಸ್ತರಣೆಯ 24 ತಿಂಗಳು ಕೆಲಸ ಮಾಡಲು ಈಗಿನ ನಿಯಮದಲ್ಲಿ ಅವಕಾಶವಿದೆ. ನಿಯಮ ಬದಲಾಗಬಹುದು, ಅದನ್ನೇ ನಂಬಿ ಮನೆಯ ಮೇಲೆ ಸಾಲ ಎತ್ತಬೇಡ.

ಚಳಿಗೆ ಹೆದರಬೇಡ, ದಪ್ಪ ಕೋಟು ಇಲ್ಲಿಗೆ ಬಂದೇ ಕೊಳ್ಳಬೇಕು. ಮೊದಲ ಜನವರಿಯಲ್ಲಿ ಸಂಜೆ ಐದಕ್ಕೇ ಕತ್ತಲಾಗಿ ಮನಸ್ಸು ಕುಗ್ಗುತ್ತದೆ. ಆಗ ಫೋನು ಮಾಡು, ಎಷ್ಟು ಹೊತ್ತಾದರೂ ಮಾತಾಡೋಣ.

ಎಲೆಯ ಪತ್ರರಂಧ್ರ ಎಣಿಸುತ್ತಿದ್ದೇನೆ ಎಂದು ಬರೆದಿದ್ದೀಯೆ. ಒಂದೇ ಗಿಡದಿಂದ ಹತ್ತು ಎಲೆ ಕಿತ್ತಿದ್ದೀಯೋ, ಹತ್ತು ಗಿಡದಿಂದ ಒಂದೊಂದು ಎಲೆಯೋ? ಪ್ರಬಂಧದ ಮೊದಲ ಕರಡನ್ನು ಈ ಪ್ರಶ್ನೆಯಿಂದಲೇ ಶುರುಮಾಡಿ ನನಗೆ ಕಳುಹಿಸು.