ಹಳೆಯ ರೆಸ್ಲಿಂಗ್ ಪಂದ್ಯ ನೋಡುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ರೆಸ್ಲಿಂಗ್ ಪಂದ್ಯಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುವ ಆಟದಲ್ಲಿ ವಿಮರ್ಶೆ ಮಾಡುವುದಕ್ಕೆ ಏನಿದೆ? (ಹುಬ್ಬಳ್ಳಿಯ ಓದುಗರು)

ಗದಾಯುದ್ಧದ ಪ್ರಸಂಗ ನೋಡಲು ಹೋದವರಿಗೆಲ್ಲ ದುರ್ಯೋಧನನ ತೊಡೆ ಮುರಿಯುತ್ತದೆಂದು ಗೊತ್ತೇ ಇರುತ್ತದೆ. ಆದರೂ ಬೆಳಗಿನವರೆಗೆ ಕೂರುತ್ತಾರೆ, ವೇಷಧಾರಿ ಅಲ್ಲಿಯವರೆಗೆ ಹೇಗೆ ಕೊಂಡೊಯ್ಯುತ್ತಾನೆ ಎಂಬುದು ಮುಖ್ಯ. ರೆಸ್ಲಿಂಗಿನಲ್ಲೂ ತೂಗಬೇಕಾದದ್ದು ಅದನ್ನೇ. ಒಂದು ಪಟ್ಟಿನಿಂದ ಇನ್ನೊಂದು ಪಟ್ಟು ಹುಟ್ಟಿತೇ? ಐದನೇ ನಿಮಿಷದಲ್ಲಿ ಪೆಟ್ಟು ತಿಂದ ಕಾಲು ಇಪ್ಪತ್ತನೇ ನಿಮಿಷದಲ್ಲೂ ನೋಯುತ್ತಿದೆಯೇ? ಮುಕ್ತಾಯ ಆ ಪಂದ್ಯದ ಒಳಗಿನಿಂದಲೇ ಬಂತೇ?

1987ರ ಮಾರ್ಚ್ 29ರಂದು ಅಮೆರಿಕದ ರೆಸಲ್‌ಮೇನಿಯಾ 3 ಕಾರ್ಯಕ್ರಮದಲ್ಲಿ ನಡೆದ ರ‍್ಯಾಂಡಿ ಸ್ಯಾವೇಜ್–ರಿಕಿ ಸ್ಟೀಮ್‌ಬೋಟ್ ಪಂದ್ಯ ತೆಗೆದುಕೊಳ್ಳಿ. ಹದಿನೈದು ನಿಮಿಷವೂ ಇಲ್ಲ. ಅದಕ್ಕೂ ಕೆಲವು ತಿಂಗಳ ಹಿಂದೆ ಸ್ಯಾವೇಜ್ ರಿಂಗಿನ ಗಂಟೆ ಹಿಡಿದು ಸ್ಟೀಮ್‌ಬೋಟನ ಗಂಟಲಿಗೆ ಹೊಡೆದಿದ್ದ ಕಥೆ ಟೀವಿಯಲ್ಲಿ ನಡೆದಿತ್ತು. ಹಾಗಾಗಿ ಈ ಪಂದ್ಯದಲ್ಲಿ ಗಂಟಲಿಗೆ ಬೀಳುವ ಪ್ರತಿ ಪೆಟ್ಟಿಗೂ ತೂಕವಿದೆ. ಕೊನೆಯಲ್ಲಿ ಸ್ಯಾವೇಜ್ ಮತ್ತೆ ಅದೇ ಗಂಟೆ ಹಿಡಿದು ಮೇಲಿನ ಹಗ್ಗ ಹತ್ತುತ್ತಾನೆ, ಸ್ಟೀಮ್‌ಬೋಟನ ಪರ ನಿಂತಿದ್ದ ಇನ್ನೊಬ್ಬ ರೆಸ್ಲರ್ ಜಾರ್ಜ್ ಸ್ಟೀಲ್ ಅವನನ್ನು ಕೆಳಗೆ ತಳ್ಳುತ್ತಾನೆ, ಕ್ಷಣದಲ್ಲಿ ಸ್ಟೀಮ್‌ಬೋಟ್ ಅವನನ್ನು ಸುತ್ತಿ ಹಿಡಿದು ಗೆಲ್ಲುತ್ತಾನೆ. ಶುರುವಿನ ದ್ವೇಷವೇ ಮುಕ್ತಾಯದ ಕಾರಣ. ಇಷ್ಟು ಹೇಳಿದರೆ ವಿಮರ್ಶೆ ಶುರುವಾಯಿತು.

ಜಪಾನಿನ ಮಿಸಾವಾ–ಕವಾಡಾ 1994ರ ಪಂದ್ಯ ಜಗತ್ತಿನಲ್ಲೇ ಶ್ರೇಷ್ಠ ಎಂದು ಎಲ್ಲ ಪಟ್ಟಿಗಳಲ್ಲೂ ಇದೆ. ನೋಡಿದೆ, ಏನೂ ಅನಿಸಲಿಲ್ಲ. ರೆಸ್ಲರ್‌ಗಳ ಚಿತ್ರವಿರುವ ಟ್ರಂಪ್ ಕಾರ್ಡ್ ಆಡಿ ಬೆಳೆದ ನನ್ನಂಥವರು ಎಲ್ಲಿಂದ ಶುರು ಮಾಡಬೇಕು? (ಶಿವಮೊಗ್ಗದ ಓದುಗರು)

ನಿಮ್ಮ ಅಭಿರುಚಿಯಲ್ಲಿ ದೋಷವಿಲ್ಲ, ನೋಡಿದ ಕ್ರಮ ತಪ್ಪಿದೆ. 1994ರ ಜೂನ್ 3ರಂದು ಟೋಕಿಯೊದ ನಿಪ್ಪಾನ್ ಬುಡೋಕಾನಿನಲ್ಲಿ ನಡೆದ ಆ ಪಂದ್ಯ ಹಲವು ವರ್ಷಗಳ ಕಥೆಯ ನಡುವಿನ ಅಧ್ಯಾಯ. ನೇರವಾಗಿ ಅಲ್ಲಿಗೇ ಹೋದರೆ ಇಬ್ಬರು ಗಂಭೀರ ಮುಖದ ಗಂಡಸರು ಮೂವತ್ತೈದು ನಿಮಿಷ ಹೊಡೆದಾಡಿಕೊಂಡ ಹಾಗೆ ಕಾಣುತ್ತದೆ, ಅಷ್ಟೆ.

ಮೊದಲು ಮೇಲೆ ಹೇಳಿದ ಸ್ಯಾವೇಜ್–ಸ್ಟೀಮ್‌ಬೋಟ್ ನೋಡಿ. ಆಮೇಲೆ 1989ರ ಮೇ 7ರಂದು ನ್ಯಾಶ್‌ವಿಲ್‌ನಲ್ಲಿ ನಡೆದ ರಿಕ್ ಫ್ಲೇರ್–ಸ್ಟೀಮ್‌ಬೋಟ್. ಆ ವರ್ಷದ ಅವರ ಮೂರು ಹೆಸರಾಂತ ಪಂದ್ಯಗಳಲ್ಲಿ ಇದು ಕೊನೆಯದು. ಇದನ್ನೇ ಹೇಳಲು ಕಾರಣ, ಕಾರ್ಯಕಾರಣ ಇದರಲ್ಲಿ ಕಣ್ಣಿಗೆ ಕಟ್ಟುತ್ತದೆ. ಸ್ಟೀಮ್‌ಬೋಟ್ ಮೇಲಿನ ಹಗ್ಗದಿಂದ ಹಾರಲು ಹತ್ತಿದಾಗ ಫ್ಲೇರ್ ಹಗ್ಗದ ಮೇಲೆ ಬೀಳುತ್ತಾನೆ, ಆಯ ತಪ್ಪಿದ ಸ್ಟೀಮ್‌ಬೋಟ್ ರಿಂಗಿನ ಹೊರಗೆ ಬಿದ್ದು ಮೊಣಕಾಲು ನೋಯಿಸಿಕೊಳ್ಳುತ್ತಾನೆ. ಫ್ಲೇರ್ ಕೂಡಲೇ ಆ ಕಾಲಿಗೇ ಬೀಳುತ್ತಾನೆ, ಕಾಲು ಹೆಣೆದು ಹಿಂಡುವ ಫಿಗರ್ ಫೋರ್ ಪಟ್ಟು ಹಾಕುತ್ತಾನೆ. ಸ್ಟೀಮ್‌ಬೋಟ್ ಹೇಗೋ ಹಗ್ಗ ಮುಟ್ಟಿ ಬಿಡಿಸಿಕೊಳ್ಳುತ್ತಾನೆ. ಆಮೇಲೆ ಫ್ಲೇರನನ್ನು ಎತ್ತಿ ಒಗೆಯಲು ಹೋದಾಗ ಅದೇ ಮೊಣಕಾಲು ಕುಸಿಯುತ್ತದೆ. ಫ್ಲೇರ್ ಬೀಳುತ್ತಲೇ ಅವನನ್ನು ಮಡಚಿ ಹಿಡಿಯುತ್ತಾನೆ, ರೆಫರಿ ಎಣಿಸುತ್ತಾನೆ: ಒಂದು, ಎರಡು, ಮೂರು, ಗೆಲುವು. ಈ ಐದು ಘಟ್ಟಗಳ ಸರಪಳಿ ಹಿಡಿಯಲು ಬಂದರೆ ಯಾವ ದೇಶದ ಪಂದ್ಯವನ್ನಾದರೂ ನೋಡಬಲ್ಲಿರಿ.

ಅದಾದ ಮೇಲೆ ಜಪಾನಿಗೆ ಹೋಗಿ. 1990ರ ಮೇ ತಿಂಗಳಲ್ಲಿ ಮಿಸಾವಾ ಅದುವರೆಗೆ ಧರಿಸುತ್ತಿದ್ದ ಟೈಗರ್ ಮಾಸ್ಕ್ ಪಾತ್ರದ ಮುಖವಾಡ ಕಿತ್ತೆಸೆದ. ಜೂನ್ 8ರಂದು ಬುಡೋಕಾನಿನಲ್ಲಿ ಆಲ್ ಜಪಾನ್ ಸಂಸ್ಥೆಯ ಹಿರಿಯ ಜಂಬೊ ಸುರುತಾನನ್ನು ಸೋಲಿಸಿದ. ಮೊದಲು ಇದನ್ನು ನೋಡಿ, ಜನ ಅವನ ಹೆಸರು ಕೂಗುವುದನ್ನು ಕೇಳಿ. ನಂತರ 1994ರದು. ಕವಾಡಾ ಮಿಸಾವಾನ ಶಾಲಾ ದಿನಗಳ ಕಿರಿಯ ಜೊತೆಗಾರ. ಎಷ್ಟು ಒದ್ದರೂ, ಎತ್ತಿ ಕುಕ್ಕಿದರೂ ರೆಫರಿ ಮೂರು ಎಣಿಸುವವರೆಗೆ ಮಿಸಾವಾನ ಭುಜ ನೆಲದಲ್ಲಿ ನಿಲ್ಲುವುದಿಲ್ಲ. ಕವಾಡಾನ ಮುಖದಲ್ಲಿ ಸಿಟ್ಟಿಗಿಂತ ಹತಾಶೆ ಹೆಚ್ಚು. ಅಲ್ಲೇ ಪಂದ್ಯದ ಜೀವ ಇದೆ. ಕೊನೆಗೆ ಮಿಸಾವಾ ಅಪರೂಪಕ್ಕೆ ಮಾತ್ರ ತೆಗೆಯುತ್ತಿದ್ದ ಟೈಗರ್ ಡ್ರೈವರ್ 91 ಎಂಬ ಪಟ್ಟು ಹಾಕಬೇಕಾಗುತ್ತದೆ. ಅಷ್ಟು ದೂರ ಅವನನ್ನು ತಳ್ಳಿದ್ದೇ ಕವಾಡಾನ ಸಾಧನೆ. ಆ ಕಥೆಗೆ ಉತ್ತರ 1995ರ ಜೂನ್ 9ರ, ಇಬ್ಬಿಬ್ಬರ ತಂಡಗಳ ಟ್ಯಾಗ್ ಪಂದ್ಯದಲ್ಲಿ ಸಿಗುತ್ತದೆ: ಕವಾಡಾ ಮೊದಲ ಬಾರಿಗೆ ಮಿಸಾವಾನನ್ನು ಚಿತ್ ಮಾಡಿದ್ದು ಅಂದು.

ಒಂದು ಮಾತು ಇಲ್ಲೇ ಹೇಳಬೇಕು. ಟೈಗರ್ ಡ್ರೈವರ್ 91ರಲ್ಲಿ ಬೀಳುವವನ ಕುತ್ತಿಗೆ ಮತ್ತು ತಲೆ ನೇರವಾಗಿ ನೆಲಕ್ಕೆ ತಾಗುತ್ತದೆ. ಅದು ನಟನೆಯಲ್ಲ. ಮಿಸಾವಾ 2009ರ ಜೂನ್ 13ರಂದು ಹಿರೋಶಿಮಾದಲ್ಲಿ, ಹಿಂದಕ್ಕೆ ಎತ್ತಿ ಒಗೆಯುವ ಸಪ್ಲೆಕ್ಸ್ ತಿಂದ ಮೇಲೆ ರಿಂಗಿನಲ್ಲೇ ಕುಸಿದ, ಅಂದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಇಂಥ ಪಟ್ಟು ಕಂಡಾಗ ಅದಿಲ್ಲದೆ ಈ ಕಥೆ ಮುಗಿಯುತ್ತಿರಲಿಲ್ಲವೇ ಎಂದು ಕೇಳಿ. 1994ರ ಪಂದ್ಯಕ್ಕೆ ಅದು ಬೇಕಿತ್ತು ಎಂದೇ ನಮ್ಮ ಅಭಿಪ್ರಾಯ. ಆಮೇಲೆ ಅದನ್ನು ನಕಲು ಮಾಡಿದ ಎಷ್ಟೋ ಪಂದ್ಯಗಳಿಗೆ ಖಂಡಿತ ಬೇಕಿರಲಿಲ್ಲ.

ನೋಡುವಾಗ ಏನು ಬರೆದುಕೊಳ್ಳಬೇಕು? (ತುಮಕೂರಿನ ಓದುಗರು)

ಮೊದಲ ಸಲ ಪೆನ್ನು ಮುಟ್ಟಬೇಡಿ. ಎರಡನೇ ಸಲ ನೋಡುವಾಗ ಪುಟದಲ್ಲಿ ಮೂರು ಕಾಲಂ ಎಳೆಯಿರಿ: ಸಮಯ, ಮೇಲುಗೈ ಬದಲಾದದ್ದು ಹೇಗೆ, ಜನರ ಸದ್ದು. ಎಲ್ಲ ಪಟ್ಟುಗಳನ್ನೂ ಬರೆಯಲು ಹೋದರೆ ಬರೆಯುವುದೇ ಆಗುತ್ತದೆ, ನೋಡುವುದು ನಿಲ್ಲುತ್ತದೆ. ಮೇಲುಗೈ ಒಬ್ಬನಿಂದ ಇನ್ನೊಬ್ಬನಿಗೆ ದಾಟಿದ ಕ್ಷಣಗಳನ್ನು ಮಾತ್ರ ಗುರುತಿಸಿ. ಅರ್ಧ ಗಂಟೆಯ ಪಂದ್ಯಕ್ಕೆ ಹತ್ತು ಹನ್ನೆರಡು ಸಾಲು ಸಾಕು. ‘ಸುಮ್ಮನೆ ಎದ್ದು ಹೊಡೆಯಲು ಶುರು ಮಾಡಿದ’ ಎಂಬ ಸಾಲು ಎರಡು ಮೂರು ಕಡೆ ಬಂದರೆ ಪಂದ್ಯ ಅಲ್ಲೇ ಸಡಿಲವಾಗಿದೆ.

ಜನರ ಸದ್ದನ್ನು ಕುರುಡಾಗಿ ನಂಬಬೇಡಿ. ಅಮೆರಿಕದ ಟೀವಿಗೆಂದು ಮುಂಚಿತವಾಗಿ ಚಿತ್ರೀಕರಿಸಿದ ಎಂಬತ್ತರ ದಶಕದ ಕಾರ್ಯಕ್ರಮಗಳಲ್ಲಿ ಸದ್ದನ್ನು ಆಮೇಲೆ ಸೇರಿಸುವುದಿತ್ತು. ಮುಂದಿನ ಸಾಲಿನವರು ಕೈಕಟ್ಟಿ ಕೂತಿದ್ದರೂ ಗದ್ದಲ ಒಂದೇ ಮಟ್ಟದಲ್ಲಿದ್ದರೆ, ರೆಫರಿ ಎರಡು ಎಣಿಸಿದಾಗ ಸದ್ದು ಏರಿ ಇಳಿಯದಿದ್ದರೆ ಅದು ಸೇರಿಸಿದ್ದು. ನಿಜವಾದ ಸದ್ದು ಬೇಕೆಂದರೆ 1997ರ ಮಾರ್ಚ್ 23ರ ಬ್ರೆಟ್ ಹಾರ್ಟ್–ಸ್ಟೀವ್ ಆಸ್ಟಿನ್ ಪಂದ್ಯ ಕೇಳಿ. ಶುರುವಿನಲ್ಲಿ ಆಸ್ಟಿನ್ ಖಳ. ಮುಖವೆಲ್ಲ ರಕ್ತವಾಗಿ, ಸೋಲೊಪ್ಪದೆ, ಕಾಲು ಹೆಣೆದು ಬೆನ್ನು ಬಗ್ಗಿಸುವ ಶಾರ್ಪ್‌ಶೂಟರ್ ಪಟ್ಟಿನಲ್ಲೇ ಪ್ರಜ್ಞೆ ತಪ್ಪುವ ಹೊತ್ತಿಗೆ ಜನ ಅವನ ಕಡೆಗೆ ವಾಲಿರುತ್ತಾರೆ.

ದಾಖಲೆಯಲ್ಲಿ 28 ನಿಮಿಷ ಎಂದಿರುವ ಜಪಾನಿ ಪಂದ್ಯ ನನ್ನ ವಿಡಿಯೊದಲ್ಲಿ 19 ನಿಮಿಷ ಇದೆ. ಕತ್ತರಿಸಿದ್ದು ಎಲ್ಲಿ ಎಂದು ತಿಳಿಯುವುದು ಹೇಗೆ? (ಮಂಗಳೂರಿನ ಓದುಗರು)

ಒಂದು ಗಂಟೆಯ ಟೀವಿ ಅವಧಿಗೆ ಹೊಂದಿಸಲು ಜಪಾನಿನಲ್ಲಿ ಪಂದ್ಯಗಳನ್ನು ಕತ್ತರಿಸುತ್ತಿದ್ದರು. ಹಿಡಿಯುವ ದಾರಿ ಸುಲಭ. ಅಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ರಿಂಗ್ ಅನೌನ್ಸರ್ ಸಮಯ ಕೂಗುತ್ತಾನೆ: ‘ಗೋಫುನ್ ಕೇಕಾ’ ಎಂದರೆ ಐದು ನಿಮಿಷ ಕಳೆಯಿತು, ‘ಜುಪ್ಪುನ್ ಕೇಕಾ’ ಹತ್ತು, ‘ಜೂಗೋಫುನ್’ ಹದಿನೈದು, ‘ನಿಜುಪ್ಪುನ್’ ಇಪ್ಪತ್ತು. ಮೊದಲ ಗಂಟೆ ಬಾರಿಸಿದಾಗ ಸ್ಟಾಪ್‌ವಾಚ್ ಒತ್ತಿ. ಗಡಿಯಾರ ಆರು ನಿಮಿಷ ತೋರಿಸುವಾಗಲೇ ‘ಜುಪ್ಪುನ್’ ಕೇಳಿಸಿದರೆ ನಡುವೆ ನಾಲ್ಕು ನಿಮಿಷ ಹೋಗಿದೆ. ಎದೆಯ ಮೇಲೆ ಪೆಟ್ಟಿನ ಕೆಂಪು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ, ಒಣಗಿದ್ದ ಕೂದಲು ಒಮ್ಮೆಲೆ ಒದ್ದೆಯಾಗಿದ್ದರೆ ಅಲ್ಲೂ ಕತ್ತರಿ ಬಿದ್ದಿದೆ. ಅಂಥ ಪಂದ್ಯದ ಓಟ, ಲಯದ ಬಗ್ಗೆ ತೀರ್ಪು ಕೊಡಬೇಡಿ, ನೀವು ನೋಡಿದ್ದು ಸಂಕಲನಕಾರನ ಲಯ.

ಯುರೋಪಿನ ಪ್ರತಿಗಳಲ್ಲಿ ಇನ್ನೊಂದು ತೊಂದರೆ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25ರಲ್ಲಿ ಓಡಿಸಿದ್ದರೆ 60 ನಿಮಿಷದ ಪಂದ್ಯ 57 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ, ದನಿಯೂ ಸ್ವಲ್ಪ ಕೀರಲಾಗುತ್ತದೆ. ಪ್ಲೇಯರಿನಲ್ಲಿ ವೇಗ 0.96 ಇಟ್ಟರೆ ಸರಿಹೋಗುತ್ತದೆ. ಕುಸ್ತಿಪಟುಗಳೆಲ್ಲ ಅಡ್ಡಡ್ಡ ದಪ್ಪಗೆ ಕಂಡರೆ ಚಿತ್ರ ಎಳೆದು ಹಿಗ್ಗಿಸಿದ್ದಾರೆ ಎಂದರ್ಥ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ‘ಎ’ (A) ಕೀಲಿ ಒತ್ತುತ್ತ ಹಳೆಯ ಟೀವಿಯ ಅಗಲ-ಎತ್ತರದ ಅಳತೆಯಾದ 4:3ಕ್ಕೆ ತನ್ನಿ. ಓಡುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ ಕಂಡರೆ ‘ಡಿ’ (D) ಒತ್ತಿ.

ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಎಫ್‌ನ ಲಾಂಛನ ಹಳೆಯ ವಿಡಿಯೊಗಳಲ್ಲಿ ಮಸುಕಾಗಿರುವ ಬಗ್ಗೆಯೂ ಕೇಳಿದ್ದೀರಿ. ಅದು ಪ್ರತಿಯ ದೋಷವಲ್ಲ. ಅದೇ ಅಕ್ಷರಗಳ ವನ್ಯಜೀವಿ ಸಂಸ್ಥೆಯೊಂದಿಗಿನ ವ್ಯಾಜ್ಯದಿಂದ ಕಂಪನಿ 2002ರಲ್ಲಿ ಹೆಸರು ಬದಲಿಸಿತು. ಹಳೆಯ ದೃಶ್ಯಗಳಲ್ಲಿ ಲಾಂಛನ ಮರೆಮಾಚುವುದು 2012ರವರೆಗೆ ನಡೆಯಿತು.

ನಾಡಕುಸ್ತಿ ನೋಡಿ ಬೆಳೆದವನಿಗೆ ಇದೆಲ್ಲ ಸುಳ್ಳೆನಿಸುತ್ತದೆ. ನಿಜವಾಗಿ ಹಿಡಿದಾಡಿದ್ದು ಇದೆಯೇ? ಇದ್ದರೆ ಗುರುತಿಸುವುದು ಹೇಗೆ? (ಬೆಳಗಾವಿಯ ಓದುಗರು)

ಇದೆ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಜ್ಬಿಷ್ಕೊ ಎರಡೂವರೆ ಗಂಟೆಗೂ ಮೀರಿ ಬಹುಪಾಲು ನೆಲ ಕಚ್ಚಿಕೊಂಡೇ ಉಳಿದ, ತೀರ್ಪಾಗಲಿಲ್ಲ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ.

ಗುರುತಿಸುವುದನ್ನು ಕಲಿಯಲು ಅದೇ ಮನೆತನದ ಇನ್ನೊಂದು ಪಂದ್ಯವಿದೆ. ಗಾಮಾನ ತಮ್ಮ ಇಮಾಮ್ ಬಖ್ಶನ ಮಗ ಅಕ್ರಮ್ 1976ರ ಡಿಸೆಂಬರ್ 12ರಂದು ಕರಾಚಿಯಲ್ಲಿ ಜಪಾನಿನ ಆಂಟೋನಿಯೊ ಇನೋಕಿಯನ್ನು ಎದುರಿಸಿದ. ರಿಂಗಿನಲ್ಲಿ ಸಹಕಾರ ಮುರಿದುಬಿತ್ತು. ಇನೋಕಿ ಹಾಕಿದ ಕೈಪಟ್ಟಿಗೆ ಅಕ್ರಮ್ ಸೋಲೊಪ್ಪಲಿಲ್ಲ, ತೋಳಿಗೆ ತೀವ್ರ ಪೆಟ್ಟಾಗಿ ಮೂರನೇ ಸುತ್ತಿನಲ್ಲಿ ಪಂದ್ಯ ನಿಂತಿತು.

ಹೋಲಿಸಿ ನೋಡಲು, ಮಾಮೂಲಿ ಪಂದ್ಯವೊಂದರಲ್ಲಿ ಒಬ್ಬನನ್ನು ಎತ್ತಿ ಒಗೆಯುವ ಜಾಗದಲ್ಲಿ ನಿಲ್ಲಿಸಿ, ವಿಎಲ್‌ಸಿಯ ‘ಇ’ (E) ಕೀಲಿಯಿಂದ ಒಂದೊಂದೇ ಫ್ರೇಮ್ ಮುಂದೆ ಸಾಗಿ. ಎತ್ತಿಸಿಕೊಳ್ಳುವವನು ತಾನೇ ಪಾದ ಒತ್ತಿ ಜಿಗಿಯುತ್ತಾನೆ, ಕೈಯನ್ನು ಎದುರಾಳಿಯ ತೊಡೆಗೆ ಊರಿ ಮೇಲೇರುತ್ತಾನೆ, ಬೀಳುವಾಗ ಗದ್ದ ಎದೆಗೆ ಒತ್ತಿ ಬೆನ್ನು ಪೂರಾ ಹಾಸುತ್ತಾನೆ. ಕರಾಚಿಯ ಪಂದ್ಯದಲ್ಲಿ ಆ ಜಿಗಿತ ಸಿಗುವುದಿಲ್ಲ. ಮೈ ಹೆಣಭಾರ, ಒಂದು ಹಿಡಿತದಲ್ಲೇ ಹೊತ್ತು ಹೋಗುತ್ತದೆ, ಮುಕ್ತಾಯಕ್ಕೆ ಯಾವ ಸಿದ್ಧತೆಯೂ ಇಲ್ಲ. ನಾಡಕುಸ್ತಿ ಬಲ್ಲ ನಿಮಗೆ ಇದು ಬೇರೆಯವರಿಗಿಂತ ಬೇಗ ಕಾಣುತ್ತದೆ.

ಎಪ್ಪತ್ತರ ದಶಕದ ಬ್ರಿಟಿಷ್ ಪಂದ್ಯಗಳಲ್ಲಿ ಬಿದ್ದವನು ಏಳುವವರೆಗೆ ಇನ್ನೊಬ್ಬ ಕಾಯುತ್ತಾನೆ. ಯಾಕೆ ಅಷ್ಟು ಸಪ್ಪೆ? (ಲೆಸ್ಟರ್‌ನಲ್ಲಿರುವ ಕನ್ನಡಿಗರು)

ಸಪ್ಪೆಯಲ್ಲ, ನಿಯಮವೇ ಹಾಗೆ. ಬಿದ್ದವನ ಮೇಲೆ ಹೊಸದಾಗಿ ಎರಗುವಂತಿಲ್ಲ. ಪಂದ್ಯ ಸುತ್ತುಗಳಲ್ಲಿ ನಡೆಯುತ್ತದೆ, ಎರಡು ಸಲ ಚಿತ್ ಮಾಡಿದರೆ ಅಥವಾ ಸೋಲೊಪ್ಪಿಸಿದರೆ ಗೆಲುವು. ತಪ್ಪಿಗೆ ಪಬ್ಲಿಕ್ ವಾರ್ನಿಂಗ್, ಮೂರನೆಯದಕ್ಕೆ ಹೊರಕ್ಕೆ. ಹೊಡೆತಕ್ಕೆ ಅವಕಾಶ ಕಡಿಮೆಯಾದ್ದರಿಂದ ಬಿಡಿಸಿಕೊಳ್ಳುವ ಕಲೆ ಅಲ್ಲಿ ಬೆಳೆಯಿತು. ಜಾನಿ ಸೇಂಟ್–ಸ್ಟೀವ್ ಗ್ರೇ ಪಂದ್ಯ ಹಾಕಿ, ಒಂದೇ ತೋಳ್‌ಪಟ್ಟಿನಿಂದ ಎಷ್ಟು ಬೇರೆ ಬೇರೆ ಬಗೆಯಲ್ಲಿ ಜಾರಿಕೊಳ್ಳುತ್ತಾರೆ ಎಣಿಸಿ. ಜಿಮ್ ಬ್ರೇಕ್ಸ್ ಪಂದ್ಯಗಳಲ್ಲಿ ಕಳ್ಳಾಟವೆಲ್ಲ ರೆಫರಿಯ ಬೆನ್ನ ಹಿಂದೆ, ಹಾಗಾಗಿ ಕಣ್ಣು ರೆಫರಿಯ ಮೇಲೂ ಇರಲಿ. ಬಿಗ್ ಡ್ಯಾಡಿಯ ಪಂದ್ಯಗಳನ್ನು ಬಿಟ್ಟರೂ ನಷ್ಟವಿಲ್ಲ. 1981ರಲ್ಲಿ ವೆಂಬ್ಲಿಯಲ್ಲಿ ಜೈಂಟ್ ಹೇಸ್ಟ್ಯಾಕ್ಸ್ ಜೊತೆಗಿನ ಅವನ ದೊಡ್ಡ ಪಂದ್ಯ ಮೂರು ನಿಮಿಷವೂ ನಡೆಯಲಿಲ್ಲ.

ಮೆಕ್ಸಿಕೊದ ಪಂದ್ಯಗಳಲ್ಲಿ ಎಲ್ಲ ತಿರುಗುಮುರುಗಾಗಿ ಕಾಣುತ್ತದೆ. (ಮೈಸೂರಿನ ಓದುಗರು)

ಸರಿಯಾಗಿ ಗಮನಿಸಿದ್ದೀರಿ. ಅಮೆರಿಕ, ಜಪಾನಿನಲ್ಲಿ ಪಟ್ಟು ಎಡಗೈ, ಎಡಗಾಲಿಗೆ, ಮೆಕ್ಸಿಕೊದ ಪರಂಪರೆಯಲ್ಲಿ ಬಲಕ್ಕೆ. ಮೂರು ಸುತ್ತುಗಳಲ್ಲಿ ಎರಡು ಗೆಲ್ಲಬೇಕು. ಮೂವರ ತಂಡದ ಪಂದ್ಯದಲ್ಲಿ ನಾಯಕ ಬಿದ್ದರೆ, ಇಲ್ಲವೇ ಉಳಿದಿಬ್ಬರೂ ಬಿದ್ದರೆ ಆ ಸುತ್ತು ಮುಗಿಯಿತು. ಎದುರಾಳಿಯ ಮುಖವಾಡ ಕಿತ್ತರೆ ಕಿತ್ತವನಿಗೆ ಸೋಲು. ತಲೆ ನೆಲಕ್ಕೆ ಕುಕ್ಕುವ ಮಾರ್ತಿನೇತೆ ಎಂಬ ಪಟ್ಟಿಗೂ ನಿಷೇಧವಿದೆ, ಹಾಗಾಗಿ ಅದನ್ನು ಯಾರಾದರೂ ಹಾಕಿದರೆ ಬಿದ್ದವನನ್ನು ಸ್ಟ್ರೆಚರಿನಲ್ಲಿ ಒಯ್ಯುವುದು ಅತಿರೇಕವೆನಿಸಬಾರದು. 1983ರ ಸೆಪ್ಟೆಂಬರ್ 23ರಂದು ಅರೆನಾ ಮೆಹಿಕೊದಲ್ಲಿ ಸಾಂಗ್ರೆ ಚಿಕಾನಾ–ಎಂಎಸ್ 1 ತಲೆಗೂದಲು ಪಣವಿಟ್ಟು ಆಡಿದ್ದನ್ನು ಹುಡುಕಿ. ಮೊದಲ ಸುತ್ತು ತೀರಾ ಚಿಕ್ಕದು, ವಿಡಿಯೊ ಕತ್ತರಿಸಿದ್ದಾರೆ ಎಂದುಕೊಳ್ಳಬೇಡಿ. ಚಿಕಾನಾ ರಕ್ತ ಸುರಿಸಿಕೊಂಡು ಬೀಳುವುದು ಅಷ್ಟು ಬೇಗ ಆದದ್ದರಿಂದಲೇ ಆಮೇಲೆ ಅವನು ತಿರುಗಿ ಕೊಡುವ ಮೊದಲ ಗುದ್ದಿಗೆ ಇಡೀ ಅರೆನಾ ಎದ್ದು ನಿಲ್ಲುತ್ತದೆ.

ಡಬ್ಲ್ಯುಡಬ್ಲ್ಯುಎಫ್‌ನ ಹೆಸರಾಂತ ರೆಸ್ಲರ್ ಅಂಡರ್‌ಟೇಕರ್ ಇಬ್ಬರಿದ್ದರು ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದೆವು. ನಿಜವೇ? (ಬೆಂಗಳೂರಿನ ಓದುಗರು)

ಒಂದು ಕಥೆಯ ಮಟ್ಟಿಗೆ ನಿಜ. 1994ರ ಆಗಸ್ಟ್ 29ರ ಸಮ್ಮರ್‌ಸ್ಲ್ಯಾಮ್ ಕಾರ್ಯಕ್ರಮದಲ್ಲಿ ಬ್ರಯನ್ ಲೀ ಎಂಬಾತ ನಕಲಿ ಅಂಡರ್‌ಟೇಕರ್ ಆಗಿ ಅಸಲಿಯ ಎದುರು ಆಡಿ ಸೋತ. ಪಂದ್ಯ ಮಾತ್ರ ಬಹಳ ನಿಧಾನ. ಇಬ್ಬರೂ ನೋವಾಗದವನ ಪಾತ್ರ ಮಾಡಿದರೆ ಯಾರ ಪೆಟ್ಟಿಗೂ ಬೆಲೆ ಇರುವುದಿಲ್ಲ.

ಪಂದ್ಯಗಳಿಗೆ ನಕ್ಷತ್ರ ಕೊಡಬೇಕೇ? (ದಾವಣಗೆರೆಯ ಓದುಗರು)

ಅಮೆರಿಕದ ಡೇವ್ ಮೆಲ್ಟ್ಜರ್ ತಮ್ಮ ಪತ್ರಿಕೆಯಲ್ಲಿ ಕೊಡುತ್ತ ಬಂದ ಐದು ನಕ್ಷತ್ರದ ಲೆಕ್ಕ ಎಲ್ಲೆಡೆ ಹಬ್ಬಿದೆ. 2017ರ ಜನವರಿ 4ರ ಒಕಾಡಾ–ಒಮೇಗಾ ಪಂದ್ಯಕ್ಕೆ ಅವರೇ ಆರು ಕೊಟ್ಟರು. ಹುಡುಕಲು ಅದು ಅನುಕೂಲ, ತಿಳಿಯಲು ಸಾಲದು. ಪಂದ್ಯ ಏನು ಹೇಳಹೊರಟಿತ್ತು, ಎಲ್ಲಿ ಜಾರಿತು ಎಂದು ಎರಡು ವಾಕ್ಯ ಬರೆಯಿರಿ. ಅದನ್ನು ಬರೆದ ಮೇಲೂ ನಕ್ಷತ್ರ ಹಾಕಬೇಕೆನಿಸಿದರೆ ಹಾಕಿ.